ವೃಷಭಾವತಿಯ ಋಣ



ಪ್ರಕೃತಿಯೆಂದೊಡನೆ ನಗರವಾಸಿಯ ಮನಸ್ಸು ಮಲೆನಾಡಿನತ್ತ ಓಡುತ್ತದೆ. ವರ್ಷಕ್ಕೊಮ್ಮೆ ಬೆಟ್ಟವನ್ನೇರಿ, ತೊರೆಯಲ್ಲಿ ಮಿಂದು ಬಂದರೆ ನಿಸರ್ಗದ ಸಾನ್ನಿಧ್ಯ ದೊರೆಯಿತೆಂದು ಅವನು ತೃಪ್ತನಾಗುತ್ತಾನೆ. ತನ್ನ ಊರಿನಲ್ಲಿಯೇ ಒಂದು ನದಿಯಿದೆಯೆಂಬುದು ಅವನಿಗೆ ನೆನಪಾಗುವುದಿಲ್ಲ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ನಿಮ್ಮಲ್ಲಿ ಅನೇಕರು ಮೂಗು ಮುಚ್ಚಿಕೊಂಡು ದಾಟುವ ‘ದೊಡ್ಡ ಮೋರಿ’ಯೇ ಆ ನದಿ, ವೃಷಭಾವತಿ.

ಹೆಸರನ್ನು ಗಮನಿಸಿರಿ. ವೃಷಭ ಶಬ್ದದ ತದ್ಭವವೇ ಬಸವ. ಬಸವನಗುಡಿಯ ದೊಡ್ಡ ನಂದಿಯ ಪಾದದಡಿಯಲ್ಲಿ ಈ ನದಿ ಹುಟ್ಟಿತೆಂಬುದು ಜನರ ನಂಬಿಕೆ. ಮಲ್ಲೇಶ್ವರದ ಕಡೆಯಿಂದ ಇನ್ನೊಂದು ಕವಲು ಬರುತ್ತದೆ. ಕೆಂಗೇರಿಯನ್ನು ದಾಟಿ, ಬಿಡದಿ ಸಮೀಪದ ಬೈರಮಂಗಲದ ಮಾರ್ಗವಾಗಿ ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಅದು ಕಾವೇರಿಯನ್ನು ಸೇರುತ್ತದೆ. ಬೈರಮಂಗಲದ ರೈತರು ದಶಕಗಳಿಂದ ಈ ನೀರನ್ನೇ ಹೊಲಗದ್ದೆಗಳಿಗೆ ಹಾಯಿಸಿದ್ದಾರೆ.

ಈಚೆಗೆ ನಾವು ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದಲ್ಲಿ ಭಕ್ತರೊಬ್ಬರ ಮನೆಗೆ ಪೂಜೆಗೆಂದು ಹೋಗಿದ್ದೆವು. ಮನೆಗಳ ಮಗ್ಗುಲಲ್ಲೇ ಚಿಕ್ಕ ಚಿಕ್ಕ ಕಾರ್ಖಾನೆಗಳಿರುವ, ದುಡಿಯುವ ಜನರ ಬಡಾವಣೆ ಅದು. ಅಲ್ಲಿಯ ಮೋರಿಗಳೂ ವೃಷಭಾವತಿಯನ್ನೇ ಸೇರುತ್ತವೆ. ಆ ಭಕ್ತರದು ಲೋಹಕ್ಕೆ ನಿಕಲ್, ಕ್ರೋಮಿಯಂ ಲೇಪಿಸುವ ಉದ್ಯೋಗ. ಪೂಜೆ ಮುಗಿದ ಮೇಲೆ ಅವರು ಸಂಕೋಚದಿಂದ ಕೇಳಿದರು: “ಬುದ್ಧೀ, ಹತ್ತು ಸಂಸಾರಗಳು ಇದರಿಂದ ಉಣ್ಣುತ್ತಿವೆ. ಆದರೆ ತೊಟ್ಟಿಯ ನೀರು ಮೋರಿಗೆ ಹೋಗುತ್ತದೆ. ಅದನ್ನು ಶುದ್ಧಿ ಮಾಡಿಸಿದರೆ ಲಾಭ ಉಳಿಯುವುದಿಲ್ಲ. ನಾನು ಮಾಡುತ್ತಿರುವುದು ಕಾಯಕವೇ?”

ಪ್ರಶ್ನೆ ಪ್ರಾಮಾಣಿಕವಾದುದು, ಉತ್ತರವೂ ಹಾಗೆಯೇ ಇರಬೇಕು. ಹೂವು, ಎಲೆಗಳಂತೆ ಲೋಹವು ಕೊಳೆತು ಮಣ್ಣಾಗುವುದಿಲ್ಲ. ಕೆರೆಯ ಕೆಸರಿನಲ್ಲಿ, ಹೊಲದ ಮಣ್ಣಿನಲ್ಲಿ ನಿಂತುಬಿಡುತ್ತದೆ. ಹತ್ತು ಸಂಸಾರಗಳ ಅನ್ನವನ್ನು ಎಣಿಸುವಾಗ ಕೆಳಗಿನ ರೈತನ ಅನ್ನವನ್ನೂ ಎಣಿಸಬೇಡವೇ? ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಶರಣೆ ಲಕ್ಕಮ್ಮನವರು ಮರಳಿಸಿ ಬರುವಂತೆ ಹೇಳಿದ ಕಥೆಯನ್ನು ನೀವೆಲ್ಲ ಬಲ್ಲಿರಿ. ಮನೆಗೆ ಬರುವುದರಲ್ಲಿ ಆ ತಾಯಿ ತೋರಿದ ಎಚ್ಚರವನ್ನು ಮನೆಯಿಂದ ಹೊರಹೋಗುವುದರಲ್ಲಿ ನಾವು ತೋರಬೇಕಾಗಿದೆ. ಕೊಳೆಯನ್ನು ಪರರ ಪಾಲಿಗೆ ಬಿಟ್ಟು ಉಳಿಸಿದ ಹಣವೂ ಹೆಚ್ಚಾಗಿ ಆಯ್ದ ಅಕ್ಕಿಯೇ. ಆದುದರಿಂದ ಶುದ್ಧೀಕರಣವು ಕಾಯಕಕ್ಕೆ ಹೊರಗಿನ ವೆಚ್ಚವಲ್ಲ, ಕಾಯಕದ ಕೊನೆಯ ಅಂಗ. ಒಬ್ಬರಿಗೆ ಭಾರವಾದುದನ್ನು ಅದೇ ವೃತ್ತಿಯ ನೆರೆಯವರೊಡನೆ ಕೂಡಿ ಹೊರಬೇಕೆಂದು ಅವರಿಗೆ ತಿಳಿಸಿದೆವು.

ಇದು ಕಾರ್ಖಾನೆಯವರಿಗೆ ಮಾತ್ರ ಹೇಳಿದ ಮಾತೆಂದು ತಿಳಿಯಬೇಡಿರಿ. 1974ರಿಂದ ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಮೇಲಕ್ಕೇರಿ ಬೆಂಗಳೂರಿಗೆ ಬರುತ್ತಿದೆ. ಆ ನೀರಿನಿಂದಲೇ ನೀವು ಇಷ್ಟಲಿಂಗಕ್ಕೆ ಮಜ್ಜನ ಮಾಡಿಸುತ್ತೀರಿ. ಅಷ್ಟು ಶ್ರಮದಿಂದ ಬಂದ ನೀರನ್ನು ಯಾವ ಸ್ಥಿತಿಯಲ್ಲಿ ಹಿಂದಕ್ಕೆ ಕಳುಹಿಸುತ್ತಿದ್ದೀರೆಂದು ವಿಚಾರಿಸಿಕೊಳ್ಳಿರಿ. ಪೂಜೆಯ ಪತ್ರಪುಷ್ಪಗಳು ಮೋರಿಗೆ ಬೀಳದೆ ಗಿಡಗಳ ಬುಡಕ್ಕೆ ಗೊಬ್ಬರವಾಗಲಿ. ಮನೆಯ ಕಸ ರಾಜಕಾಲುವೆಗೆ ಹೋಗದಿರಲಿ. ದೊಡ್ಡ ನಿವೇಶನಗಳಲ್ಲಿ ಮಳೆನೀರಿನ ಸಂಗ್ರಹವನ್ನು 2009ರ ಕಾನೂನು ಕಡ್ಡಾಯಗೊಳಿಸಿತು. ಕಾನೂನಿನ ಅಳತೆಗೆ ಬಾರದ ಚಿಕ್ಕ ಮನೆಯವರೂ ಒಂದು ಪೀಪಾಯಿಯಷ್ಟು ಮಳೆಯನ್ನಾದರೂ ಹಿಡಿಯಬಹುದು.

ಇಷ್ಟರಿಂದ ನದಿ ನಾಳೆಯೇ ತಿಳಿಯಾಗದು. ಆದರೂ ಮುಂದೆ ಆ ಸೇತುವೆಯನ್ನು ದಾಟುವಾಗ ಮೋರಿಯೆನ್ನದೆ ವೃಷಭಾವತಿಯೆಂದು ಕರೆಯಿರಿ. ನಿಮ್ಮ ಮಕ್ಕಳಿಗೂ ಆ ಹೆಸರನ್ನೇ ಕಲಿಸಿರಿ. ಹೆಸರು ಹಿಡಿದು ಕರೆದವರಿಗೆ ಕೇಡು ಬಗೆಯಲು ಕೈ ಅಳುಕುತ್ತದೆ. ಆ ಅಳುಕೇ ಋಣ ತೀರಿಸುವ ಮೊದಲ ಹೆಜ್ಜೆ.