ಅಮ್ಮನ ದವಡೆಯ 'ಟಕ್'

ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಒಂದು ಶಬ್ದ ಕೇಳುತ್ತದೆ. ಟಕ್. ಅಮ್ಮ ಬಾಯಿ ತೆರೆದಾಗೊಮ್ಮೆ, ಮುಚ್ಚಿದಾಗೊಮ್ಮೆ. ಸಣ್ಣವರಿರುವಾಗ ನಾವು ಅಕ್ಕ-ತಂಗಿ ಅದನ್ನು ಲೆಕ್ಕ ಹಾಕಿ ನಗುತ್ತಿದ್ದೆವು. ಅಮ್ಮನೂ ನಗುತ್ತಿದ್ದರು, ಕೆನ್ನೆಗೆ ಕೈ ಒತ್ತಿಕೊಂಡು. ಆ ಕೈ ಯಾಕೆ ಅಲ್ಲಿರುತ್ತದೆ ಅಂತ ನಾವು ಯಾವತ್ತೂ ಕೇಳಿರಲಿಲ್ಲ.

ಕಳೆದ ವರ್ಷ ಇಂಟರ್ನಲ್ಸ್ ಸಮಯದಲ್ಲಿ ಅಕ್ಕನ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದೇ ಹೋಯಿತು. ಕಿವಿನೋವು ಅಂತ ಎಣ್ಣೆ ಬಿಟ್ಟದ್ದೂ ಆಯ್ತು. ಮಂಗಳೂರಿನಲ್ಲಿ ಡೆಂಟಲ್ ಕಾಲೇಜುಗಳಿಗೆ ಬರವಿಲ್ಲವಲ್ಲ. ಕೊನೆಗೆ ಸ್ಟೇಟ್‌ಬ್ಯಾಂಕಿನಲ್ಲಿ ದೇರಳಕಟ್ಟೆ ಬಸ್ಸು ಹತ್ತಿ ಮೂವರೂ ಹೋದೆವು. ಡಾಕ್ಟರು ಕಿವಿಯ ಮುಂದೆ ಬೆರಳಿಟ್ಟು ನೋಡಿದರು. "ಮನೆಯಲ್ಲಿ ಬೇರೆ ಯಾರಿಗಾದ್ರೂ ಉಂಟಾ?" ಅಂತ ಕೇಳಿದರು. ಅಮ್ಮ ಸ್ವಲ್ಪ ತಡೆದು, "ನಂಗುಂಟು. ನನ್ನ ಅಮ್ಮನಿಗೂ ಇತ್ತು" ಅಂದರು.

ವಾಪಸ್ ಬರುವಾಗ ಬಸ್ಸು ನೇತ್ರಾವತಿ ಸೇತುವೆ ದಾಟುತ್ತಿತ್ತು. ಅಮ್ಮ ಹೊರಗೆ ನೋಡುತ್ತಲೇ ಕೇಳಿದರು, "ನನ್ನಿಂದಲೇ ಬಂತು ಅಲ್ವಾ ನಿಂಗೆ?" ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ.

ಉತ್ತರ ಹುಡುಕಲು ಕೂತೆವು. ತಂಗಿ ಮೆಕ್ಯಾನಿಕಲ್ ಆದ ಕಾರಣ ಕೀಲು ಅವಳ ಪಾಲಿಗೆ ಬಂತು. ದವಡೆಯ ಕೀಲು ಬಾಗಿಲ ತಿರುಗಣೆಯ ಹಾಗೆ ಬರೀ ತಿರುಗುವುದಲ್ಲ, ಬಾಯಿ ದೊಡ್ಡದಾಗಿ ತೆರೆದಾಗ ಮುಂದಕ್ಕೆ ಜಾರುತ್ತದೆ ಕೂಡ. ಮೂಳೆಗಳ ಮಧ್ಯೆ ಒಂದು ಪುಟ್ಟ ಬಿಲ್ಲೆ, ನಮ್ಮ ವಾಷರ್ ಇದ್ದ ಹಾಗೆ. ಅದು ಜಾಗ ತಪ್ಪಿ, ಮತ್ತೆ ಜಾಗಕ್ಕೆ ಬರುವಾಗಿನ ಸದ್ದೇ ಆ 'ಟಕ್'. ನೋವಿಲ್ಲದ ಬರೀ ಸದ್ದಿಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಡ. ಆದರೆ ಎಡ ಬಲ ಎರಡು ಕೀಲುಗಳಿಗೂ ಇರುವುದು ಒಂದೇ ಮೂಳೆ, ಒಂದು ಶಾಫ್ಟಿಗೆ ಎರಡು ಬೇರಿಂಗ್. ಒಂದು ಕಡೆ ಕೆಟ್ಟರೆ ಇನ್ನೊಂದಕ್ಕೂ ಸುಮ್ಮನಿರಲು ಆಗುವುದಿಲ್ಲ.

ನೋವು ಇಲೆಕ್ಟ್ರಾನಿಕ್ಸ್ ಓದುವ ಅಕ್ಕನ ಪಾಲಿಗೆ. 2005ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಸಂಶೋಧಕರು ಸಿಒಎಂಟಿ ಎಂಬ ಜೀನ್ ಬಗ್ಗೆ ಬರೆದರು. ಅಡ್ರಿನಲಿನ್, ಡೋಪಮೈನ್‌ನಂಥ ರಾಸಾಯನಿಕಗಳನ್ನು ಒಡೆಯುವ ಕಿಣ್ವವನ್ನು ಮಾಡಿಸುವ ಜೀನ್ ಅದು. ಅದರ ಒಂದು ಬಗೆ ಇದ್ದ ಹೆಂಗಸರಿಗೆ ನೋವಿನ ಸಂವೇದನೆ ಕಡಿಮೆ, ದವಡೆ ಸ್ನಾಯುಗಳ ನೋವು ಬರುವ ಅಪಾಯವೂ ಸುಮಾರು 2.3 ಪಟ್ಟು ಕಡಿಮೆ. ಅಂದರೆ ಈ ಜೀನ್ ಬಿಲ್ಲೆಯನ್ನು ಜಾರಿಸುವುದಿಲ್ಲ, ನೋವಿನ ಸಿಗ್ನಲ್‌ಗೆ ಆಂಪ್ಲಿಫೈಯರಿನ ಗೇನ್ ಎಷ್ಟು ಅಂತ ಇಡುತ್ತದೆ. ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ ಚಿತ್ರ ಇಷ್ಟು ಸರಳವಾಗಿ ಉಳಿಯಲಿಲ್ಲ. ಬೇರೆ ಜೀನ್‌ಗಳು, ನಿದ್ದೆ, ಒತ್ತಡ, ಪೆಟ್ಟು, ಹಲ್ಲು ಕಚ್ಚುವ ಅಭ್ಯಾಸ, ಎಲ್ಲದಕ್ಕೂ ಪಾಲಿದೆ. 2012ರಲ್ಲಿ ಅಮೆರಿಕದ ಅವಳಿ ಸಹೋದರಿಯರ ಮೇಲೆ ನಡೆದ ಒಂದು ಅಧ್ಯಯನ ಈ ನೋವಿನಲ್ಲಿ ವಂಶವಾಹಿಯ ಪಾಲನ್ನು ಸುಮಾರು 27 ಶೇಕಡಾ ಎಂದು ಅಂದಾಜು ಮಾಡಿತು. ಅದು ಒಟ್ಟು ಜನರ ಲೆಕ್ಕ, ಒಬ್ಬ ಅಮ್ಮ ಒಬ್ಬ ಮಗಳ ಲೆಕ್ಕ ಅಲ್ಲ. ಆದರೂ ಉಳಿದ ಪಾಲು ಎಷ್ಟು ದೊಡ್ಡದು ನೋಡಿ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆವು. "ಹೌದಾ" ಅಂದರು, ಅಷ್ಟೇ.

ಓದುತ್ತಾ ಓದುತ್ತಾ ಒಂದು ಪ್ರಶ್ನಾವಳಿ ಸಿಕ್ಕಿತ್ತು. ಬಾಯಿಯ ತೊಂದರೆ ಬದುಕನ್ನು ಎಷ್ಟು ಕೆಡಿಸಿದೆ ಅಂತ ಅಳೆಯಲು ಸಂಶೋಧಕರು ಬಳಸುವ ಒಎಚ್‌ಐಪಿ-14. ಹದಿನಾಲ್ಕು ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 4 ಅಂಕ. ಅಕ್ಕ ಮೊದಲು ತನಗೆ ಹಾಕಿಕೊಂಡಳು, 19 ಬಂತು. ಸುಮ್ಮನೆ ತಮಾಷೆಗೆ ಅಮ್ಮನನ್ನೂ ಕೂರಿಸಿದೆವು. ತಿನ್ನಲು ಕಷ್ಟ ಆಗ್ತದಾ? ಊಟ ಅರ್ಧಕ್ಕೆ ಬಿಟ್ಟದ್ದುಂಟಾ? ನಾಚಿಕೆ ಆದದ್ದುಂಟಾ? ಮೊದಲೆರಡಕ್ಕೆ "ಎಂತ ಇಲ್ಲ ಮಾರಾಯ್ತಿ" ಅಂದರು. ಆಮೇಲೆ ಮೆಲ್ಲ ಮೆಲ್ಲ ಹೇಳಿದರು. ಮದುವೆ ಮನೆಯಲ್ಲಿ ಪಂಕ್ತಿಯವರೆಲ್ಲ ಎದ್ದರೂ ತನ್ನ ಎಲೆ ಮುಗಿಯುವುದಿಲ್ಲ ಅಂತ ಹಸಿವಿಲ್ಲ ಅನ್ನುವುದು. ಚಕ್ಕುಲಿ ಮಾಡಿ ನಮಗೆ ಮಾತ್ರ ಕೊಡುವುದು. ಭಜನೆಯಲ್ಲಿ ಹಾಡುವುದನ್ನು ಬಿಟ್ಟದ್ದು. ಒಟ್ಟು 33 ಆಯ್ತು. ಪೂರ್ತಿ ಅಂಕ 56.

ನಾವು ತಮಾಷೆ ನಿಲ್ಲಿಸಿದೆವು.

ಆಗ ನೆನಪಾದದ್ದು ಕೋರಿ ರೊಟ್ಟಿ. ರೊಟ್ಟಿ ಸಾರಿನಲ್ಲಿ ಪೂರ್ತಿ ನೆನೆದು ಮೆತ್ತಗಾದ ಮೇಲೆಯೇ ಅಮ್ಮ ತಿನ್ನುವುದು. ಅವರಿಗೆ ಹಾಗೇ ಇಷ್ಟ ಅಂತ ನಾವು ಇಷ್ಟು ವರ್ಷ ನಂಬಿದ್ದೆವು. ಕೇಳಿದ್ದಕ್ಕೆ, "ಗರಿಗರಿ ಇರುವಾಗ್ಲೇ ರುಚಿ, ಗೊತ್ತಿಲ್ವಾ?" ಅಂದರು.

ಅಜ್ಜಿ ಸಹಿಸಿದರು, ಅಮ್ಮ ನೋಡಿ ಕಲಿತರು. ಅಕ್ಕ ಕೂಡ ಆರು ತಿಂಗಳಿಂದ ನೋವಿದ್ದರೂ ಹಾಸ್ಟೆಲಿನಲ್ಲಿ ಯಾರಿಗೂ ಹೇಳಿರಲಿಲ್ಲ. ಇದಕ್ಕೆ ಯಾವ ಜೀನೂ ಬೇಕಾಗಿರಲಿಲ್ಲ.

ಮುಂದಿನ ಸಲ ದೇರಳಕಟ್ಟೆಗೆ ಹೋದಾಗ ಚೀಟಿ ಎರಡು ಮಾಡಿಸಿದೆವು. ಈಗ ಇಬ್ಬರಿಗೂ ರಾತ್ರಿ ಹಲ್ಲಿಗೆ ಹಾಕುವ ಸ್ಪ್ಲಿಂಟ್, ಬಿಸಿ ಶಾಖ, ದಿನಕ್ಕೆ ಮೂರು ಹೊತ್ತು ದವಡೆಯ ವ್ಯಾಯಾಮ. ಕನ್ನಡಿ ಎದುರು ಅಮ್ಮ-ಮಗಳು ಬಾಯಿ ತೆರೆದು ನಿಲ್ಲುವುದು ನೋಡಲು ಚಂದ. 'ಟಕ್' ಈಗಲೂ ಉಂಟು. ಕೆನ್ನೆಯ ಮೇಲಿನ ಕೈ ಮಾತ್ರ ಈಚೆಗೆ ಕಡಿಮೆಯಾಗಿದೆ. ಕಳೆದ ವಾರ ಪ್ರಶ್ನಾವಳಿ ಮತ್ತೆ ಹಾಕಿದೆವು. ಅಮ್ಮನದು 24.

ನಿಮ್ಮ ಮನೆಯಲ್ಲೂ ಮೆತ್ತಗಿನದ್ದೇ ಇಷ್ಟ ಅನ್ನುವವರು ಇದ್ದರೆ, ಒಮ್ಮೆ ಕೇಳಿ ನೋಡಿ.