‘ನಾಳೆ ಬನ್ನಿ’ ಎಂಬ ಮಾತು



ಸಂತ ಲೂಕನ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದಲ್ಲಿ ಬರುವ ಬಡ ವಿಧವೆ ನಿಮಗೆಲ್ಲ ಗೊತ್ತು. ದೇವರಿಗೂ ಅಂಜದ, ಜನರಿಗೂ ಅಂಜದ ನ್ಯಾಯಾಧೀಶನ ಬಾಗಿಲಿಗೆ ಆಕೆ ಮತ್ತೆ ಮತ್ತೆ ಹೋಗುತ್ತಾಳೆ. ಎಡೆಬಿಡದೆ ಪ್ರಾರ್ಥಿಸಬೇಕು ಎಂಬುದಕ್ಕೆ ಯೇಸುಸ್ವಾಮಿ ಹೇಳಿದ ಸಾಮತಿ ಅದು. ಗುರುಮಠದಲ್ಲಿ ಅದನ್ನು ಓದಿದೆವು, ಪರೀಕ್ಷೆಗೆ ಬರೆದೆವು, ಗುರುಗಳಾದ ಮೇಲೆ ಎಷ್ಟೋ ಬಾರಿ ಪ್ರಬೋಧನೆಯನ್ನೂ ಕೊಟ್ಟೆವು. ಆದರೆ ಆಕೆಯ ಕಾಲು ಎಷ್ಟು ನೊಂದಿರಬಹುದು ಎಂಬುದು ನಮಗೆ ತಿಳಿದದ್ದು 2022ರಲ್ಲಿ, ಒಂದು ಹೋಮ್ ಥಿಯೇಟರ್ ರಿಸೀವರನ್ನು ಹೊತ್ತುಕೊಂಡು ಗಡಹಿಂಗ್ಲಜದಿಂದ ಕೊಲ್ಲಾಪುರಕ್ಕೆ ಅಲೆದಾಗ.

ಗುರುಗಳಿಗೇಕೆ ಹೋಮ್ ಥಿಯೇಟರ್ ಎಂದು ನೀವು ಕೇಳಬಹುದು. ಅದು ನಮ್ಮ ಕೋಣೆಗಲ್ಲ, ಸಭಾಭವನಕ್ಕೆ ತಂದದ್ದು. ಕೊರೊನಾದ ಎರಡು ವರ್ಷ ಮಕ್ಕಳು ಧರ್ಮೋಪದೇಶಕ್ಕೂ ಬಾರದೆ ಮನೆಯಲ್ಲೇ ಕುಳಿತಿದ್ದರು. 2021ರ ಕ್ರಿಸ್‌ಮಸ್‌ಗೆ ಎಲ್ಲರನ್ನೂ ಮತ್ತೆ ಒಂದೆಡೆ ಸೇರಿಸಿ, ಯೇಸುವಿನ ಜೀವನದ ಚಿತ್ರವೊಂದನ್ನು ತೋರಿಸಬೇಕೆಂದು ಯುವಜನರು ಹಟ ಹಿಡಿದರು. ಪ್ರೊಜೆಕ್ಟರ್ ಇತ್ತು, ಒಳ್ಳೆಯ ಧ್ವನಿ ಇರಲಿಲ್ಲ. ಗಡಹಿಂಗ್ಲಜ, ಇಚಲಕರಂಜಿ, ಕೊಲ್ಲಾಪುರಗಳಲ್ಲಿ ಚದುರಿರುವ ನಮ್ಮ ಕುಟುಂಬಗಳು ಕೈಯಿಂದಾದಷ್ಟು ಕೊಟ್ಟವು. ಕೆಲವರು 1,000 ರೂಪಾಯಿ ಕೊಟ್ಟರು, ಕೆಲವರು 50. ಒಟ್ಟು ರೂ. 42,000 ಕೂಡಿತು. ಕೊಲ್ಲಾಪುರದ ಅಂಗಡಿಯೊಂದರಿಂದ ರಿಸೀವರ್ ಮತ್ತು ಸ್ಪೀಕರುಗಳ ಸೆಟ್ಟು ತಂದೆವು. ಒಂದು ವರ್ಷದ ವಾರಂಟಿ ಇತ್ತು.

ರಿಸೀವರ್ ಎಂದರೆ ಏನೆಂದು ತಿಳಿಯದವರಿಗಾಗಿ ಎರಡು ಮಾತು. ಡಿವಿಡಿ ಅಥವಾ ಕಂಪ್ಯೂಟರಿನಿಂದ ಬರುವ ಧ್ವನಿಯನ್ನು ಬಿಡಿಸಿ, ಬಲಪಡಿಸಿ, ಆಯಾ ಸ್ಪೀಕರಿಗೆ ಹಂಚಿಕೊಡುವ ಪೆಟ್ಟಿಗೆಯೇ ಅದು. 5.1 ಎಂದರೆ ಐದು ಸ್ಪೀಕರು ಮತ್ತು ಗಂಭೀರ ಧ್ವನಿಗೆಂದು ಒಂದು ಸಬ್‌ವೂಫರ್. ಮಾತು ನಡುವಿನ ಸ್ಪೀಕರಿನಿಂದ ಬಂದರೆ, ಗಾಳಿ ಮಳೆಯ ಸದ್ದು ಬೆನ್ನ ಹಿಂದಿನಿಂದ ಬರುತ್ತದೆ. ಚಿತ್ರದಲ್ಲಿ ಗಲಿಲೇಯ ಸರೋವರದ ಮೇಲೆ ಬಿರುಗಾಳಿ ಎದ್ದಾಗ ಮುಂದೆ ಕುಳಿತ ಪುಟ್ಟ ಮಕ್ಕಳು ತಾಯಂದಿರ ಮಡಿಲಿಗೆ ಓಡಿದರು. ಪ್ರಭಾತ್ ಫಿಲ್ಮ್ ಕಂಪನಿ 1929ರಲ್ಲಿ ಹುಟ್ಟಿದ್ದು ಕೊಲ್ಲಾಪುರದಲ್ಲಿ. 1932ರಲ್ಲಿ ‘ಅಯೋಧ್ಯೇಚಾ ರಾಜಾ’ ಎಂಬ ಮಾತನಾಡುವ ಚಿತ್ರ ತಯಾರಾದದ್ದೂ ಅಲ್ಲಿಯೇ. ಮೊದಲ ಬಾರಿ ಪರದೆ ಮಾತನಾಡಿದಾಗ ಈ ಭಾಗದ ನಮ್ಮ ಅಜ್ಜ ಅಜ್ಜಿಯರಿಗೂ ಹೀಗೆಯೇ ಆಗಿರಬೇಕು ಎಂದುಕೊಂಡೆವು.

ಆ ಸಂತೋಷ ಆರು ತಿಂಗಳು ಉಳಿಯಿತು. 2022ರ ಜೂನ್‌ನಲ್ಲಿ ಒಂದು ಸಂಜೆ ಪೆಟ್ಟಿಗೆ ‘ಟಕ್’ ಎಂದು ಆರಿಹೋಯಿತು. ಮತ್ತೆ ಹಚ್ಚಿದರೆ ಎರಡು ಕ್ಷಣ ಬೆಳಕು, ‘ಪ್ರೊಟೆಕ್ಟ್’ ಎಂಬ ಅಕ್ಷರ, ಮತ್ತೆ ಕತ್ತಲೆ. ಒಳಗೆ ಏನೋ ದೋಷ ಕಂಡಾಗ ಯಂತ್ರ ತನ್ನನ್ನು ತಾನೇ ನಿಲ್ಲಿಸಿಕೊಳ್ಳುವ ರೀತಿ ಅದಂತೆ.

ಅಂಗಡಿಗೆ ಫೋನು ಮಾಡಿದೆವು. “ಮಾರುವುದಷ್ಟೇ ನಮ್ಮ ಕೆಲಸ, ಕಂಪನಿಗೆ ಹೇಳಿ” ಎಂದರು. ಕಂಪನಿಯ ನಂಬರಿಗೆ ಮಾಡಿದೆವು. ಹಾಡು ಕೇಳಿಸಿ ಕೇಳಿಸಿ, ಕೊನೆಗೆ 48 ಗಂಟೆಯೊಳಗೆ ಮೆಕ್ಯಾನಿಕ್ ಬರುವನೆಂದು ಹೇಳಿ ದೂರಿನ ಸಂಖ್ಯೆ ಕೊಟ್ಟರು. ಯಾರೂ ಬರಲಿಲ್ಲ. ಮೂರನೆಯ ದಿನ ಮೊಬೈಲಿಗೆ ಒಂದು ಸಂದೇಶ ಬಂತು: ನಿಮ್ಮ ದೂರು ಪರಿಹಾರವಾಗಿದೆ, ನಮ್ಮ ಸೇವೆಗೆ ಅಂಕ ಕೊಡಿ! ಮತ್ತೆ ಮಾಡಿದರೆ ನಮ್ಮ ಪಿನ್‌ಕೋಡಿಗೆ ಮನೆಗೆ ಬರುವ ಸೇವೆಯೇ ಇಲ್ಲ, ಪೆಟ್ಟಿಗೆಯನ್ನು ನೀವೇ ಕೊಲ್ಲಾಪುರದ ಸರ್ವಿಸ್ ಸೆಂಟರಿಗೆ ತರಬೇಕು ಎಂದರು.

ಹೊತ್ತುಕೊಂಡು ಹೊರಟೆವು. ಸಂಕೇಶ್ವರ, ನಿಪ್ಪಾಣಿ, ಕಾಗಲ್ ದಾರಿ ಹಿಡಿದರೆ ಬಸ್ಸು ಮಹಾರಾಷ್ಟ್ರ ಬಿಟ್ಟು ಕರ್ನಾಟಕಕ್ಕೆ ಬಂದು ಮತ್ತೆ ಮಹಾರಾಷ್ಟ್ರ ಸೇರುತ್ತದೆ. ಹತ್ತು ಕಿಲೋ ಭಾರದ ಪೆಟ್ಟಿಗೆ ತೊಡೆಯ ಮೇಲೆ. ಮೊದಲ ಸಲ ಹೋದಾಗ ನೋಡುವವನು ರಜೆಯಲ್ಲಿದ್ದ. “ಉದ್ಯಾ ಯಾ, ಫಾದರ್” ಎಂದರು. ಮರಾಠಿಯ ‘ಉದ್ಯಾ’ ಎಂದರೆ ನಾಳೆ ಎಂದು ಗಡಿಯಲ್ಲಿರುವ ನಿಮಗೆ ಹೇಳಬೇಕಿಲ್ಲ. ಎರಡನೆಯ ಸಲ ಪೆಟ್ಟಿಗೆ ಇಟ್ಟುಕೊಂಡು ಚೀಟಿ ಕೊಟ್ಟರು. ಮೂರನೆಯ ಸಲ ಹೋದಾಗ ಅದು ಪುಣೆಗೆ ಹೋಗಿದೆ ಎಂದರು. ಸೆಪ್ಟೆಂಬರಿನಲ್ಲಿ ಉತ್ತರ ಬಂತು. ವೋಲ್ಟೇಜಿನ ಏರುಪೇರಿನಿಂದ ಬೋರ್ಡು ಸುಟ್ಟಿದೆ, ವಾರಂಟಿ ಅನ್ವಯಿಸುವುದಿಲ್ಲ, ರೂ. 19,000 ಕಟ್ಟಬೇಕು.

ನಮಗೆ ಸಿಟ್ಟು ನೆತ್ತಿಗೇರಿತು. ಅದು ನಮ್ಮ ಹಣವಾಗಿದ್ದರೆ ಸುಮ್ಮನಾಗುತ್ತಿದ್ದೆವೇನೋ. ಆದರೆ ಪ್ರತಿ ತಿಂಗಳು ಲೆಕ್ಕ ಓದುವಾಗ ಯಾರಾದರೊಬ್ಬರು “ನಮ್ಮ ರೊಕ್ಕದ ಪೆಟಗಿ ಏನಾತ್ರಿ ಫಾದರ್?” ಎಂದು ಕೇಳುತ್ತಿದ್ದರು. 50 ರೂಪಾಯಿ ಕೊಟ್ಟ ಅಜ್ಜಿಯ ಮುಖ ನೋಡಲು ನಮಗೆ ಆಗುತ್ತಿರಲಿಲ್ಲ. ಒಂದು ದಿನ ಫೋನಿನಲ್ಲಿ ಸಿಕ್ಕ ಹುಡುಗಿಯ ಮೇಲೆ ಕೂಗಾಡಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ನಾನು ಇಲ್ಲಿ ಬರೆದುಕೊಳ್ಳುವವಳು ಅಷ್ಟೇ” ಎಂದಳು. ಆ ಧ್ವನಿ ಬಹಳ ದಿನ ಕಿವಿಯಲ್ಲಿತ್ತು. ಮುಂದಿನ ಪಾಪನಿವೇದನೆಯಲ್ಲಿ ಅದನ್ನೂ ಹೇಳಿಕೊಂಡೆವು.

2022ರ ಅಕ್ಟೋಬರ್ 16ರ ಭಾನುವಾರದ ಶುಭಸಂದೇಶ ಅದೇ ವಿಧವೆಯದು. ಆ ದಿನ ಸಂಜೆ ಇಚಲಕರಂಜಿಯಲ್ಲಿ ಕನ್ನಡ ಕುಟುಂಬಗಳಿಗೆ ಬಲಿಪೂಜೆ ಅರ್ಪಿಸಿದೆವು. ಪ್ರಬೋಧನೆ ತುಂಬ ಜೋರಾಗಿ ಬಂತು. ಬಡವರನ್ನು ಬಾಗಿಲಿನಿಂದ ಬಾಗಿಲಿಗೆ ಅಲೆಸುವ ಕಚೇರಿ, ಕಂಪನಿಗಳನ್ನೆಲ್ಲ ಆ ನ್ಯಾಯಾಧೀಶನ ಜೊತೆಗೆ ನಿಲ್ಲಿಸಿದೆವು. ಜನರು ತಲೆದೂಗಿದರು. ನಮಗೂ ಸಮಾಧಾನವಾಯಿತು.

ಪೂಜೆ ಮುಗಿದ ಮೇಲೆ ಚಹಾ ಕುಡಿಯುವಾಗ ಒಬ್ಬರು ಹತ್ತಿರ ಬಂದು ನಿಂತರು. ಮಗ್ಗಗಳ ಕಾರ್ಖಾನೆಯಲ್ಲಿ ಜಾಬರ್ ಆಗಿರುವವರು. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದ ದಿನದಿಂದ ಇಚಲಕರಂಜಿ ಮಗ್ಗದ ಊರು. ಅಲ್ಲಿ ಕೆಟ್ಟ ಮಗ್ಗವನ್ನು ಸರಿಪಡಿಸಿ ಓಡಿಸುವವರೇ ಜಾಬರ್. ಅವರು ಮೆಲ್ಲಗೆ ಹೇಳಿದರು:

“ಫಾದರ್, ಸಿಟ್ಟಾಗಬ್ಯಾಡ್ರಿ. ನೀವು ಹೇಳಿದ ಆ ಹೆಣ್ಮಗಳಂಗ ನಾನೂ ನಿಮ್ಮ ಬಾಗಲಿಗೆ ಮೂರು ಸಲ ಬಂದೀನ್ರಿ.”

ಚಹಾದ ಲೋಟ ಕೈಯಲ್ಲೇ ಉಳಿಯಿತು. ಅವರ ಮಗಳ ಮದುವೆ ಗೊತ್ತಾಗಿತ್ತು. ಮಗಳ ಜ್ಞಾನಸ್ನಾನ ಆಗಿದ್ದು ಗಡಿಯಾಚೆ, ಕರ್ನಾಟಕದ ಒಂದು ಧರ್ಮಕೇಂದ್ರದಲ್ಲಿ. ಅಲ್ಲಿನ ದಾಖಲೆಯಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಇನ್ನೊಂದು. ಮದುವೆಗೆ ಜ್ಞಾನಸ್ನಾನದ ಹೊಸ ಪ್ರಮಾಣಪತ್ರ ಬೇಕು. ಹೆಸರಿನ ವಿಷಯಕ್ಕೆ ನಾವು ಅಲ್ಲಿನ ಗುರುಗಳಿಗೆ ಒಂದು ಪತ್ರ ಬರೆಯಬೇಕು. ಆಗಸ್ಟಿನಲ್ಲಿ ಬಂದಾಗ “ಬರೆಯುತ್ತೇವೆ” ಎಂದಿದ್ದೆವು. ಸೆಪ್ಟೆಂಬರಿನಲ್ಲಿ ಬಂದಾಗ “ಈ ವಾರ ಖಂಡಿತ” ಎಂದಿದ್ದೆವು. ಮೂರನೆಯ ಸಲ ಬಂದಾಗ ನಾವು ಇರಲೇ ಇಲ್ಲ. ಎಲ್ಲಿಗೆ ಹೋಗಿದ್ದೆವು? ಕೊಲ್ಲಾಪುರದ ಸರ್ವಿಸ್ ಸೆಂಟರಿಗೆ!

“ಒಂದು ಸಲ ಬಂದ್ರ ಒಂದು ದಿನದ ಪಗಾರ ಹೋಗ್ತೈತ್ರಿ,” ಎಂದರು ಅವರು. “ಅದು ಹೋಗ್ಲಿ. ನವೆಂಬರ್ 27ಕ್ಕ ಆಗಮನಕಾಲ ಸುರು ಆಗ್ತೈತಿ. ಅದರೊಳಗ ಮದುವಿ ಆಗ್ಲಿಲ್ಲಂದ್ರ ಗಂಡಿನವರು ಏನಂತಾರೋ ಅಂತ ಅಕಿ ಅವ್ವಗ ನಿದ್ದಿ ಇಲ್ಲ.” ಆಮೇಲೆ ಸಣ್ಣಗೆ ನಕ್ಕು ಸೇರಿಸಿದರು: “ಮಗ್ಗ ನಿಂತ್ರ ನಾವು ನಾಳೆ ಬರ್ತೀವಿ ಅನ್ನಾಕ ಬರೂದಿಲ್ರಿ ಫಾದರ್. ನಿಂತ ಮಗ್ಗ ಅಂದ್ರ ನಿಂತ ಪಗಾರ.”

ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾವೂ ಏನಾದರೂ ನೆಪ ಹೇಳುತ್ತಿದ್ದೆವು. ಆ ರಾತ್ರಿ ನಮಗೆ ಊಟ ಸೇರಲಿಲ್ಲ. ಪ್ರಬೋಧನೆಯಲ್ಲಿ ನಾವು ವಿಧವೆಯ ಪಕ್ಕದಲ್ಲಿ ನಿಂತು ಮಾತನಾಡಿದ್ದೆವು. ಆದರೆ ಆ ಮನೆಯವರ ಕಣ್ಣಿಗೆ ನಾವು ಕುಳಿತಿದ್ದುದು ಆ ನ್ಯಾಯಾಧೀಶನ ಕುರ್ಚಿಯಲ್ಲಿ.

ಮರುದಿನ ಬೆಳಿಗ್ಗೆಯ ಪೂಜೆ ಮುಗಿಸಿ, ಪತ್ರ ಅಂಚೆಗೆ ಹಾಕುವ ಬದಲು ನಾವೇ ಬಸ್ಸು ಹತ್ತಿದೆವು. ಆ ಧರ್ಮಕೇಂದ್ರದ ಗುರುಗಳು ಹಳೆಯ ಪುಸ್ತಕ ತೆಗೆದು, ತಂದೆತಾಯಿಯರ ಮತ್ತು ಜ್ಞಾನಪೋಷಕರ ಹೆಸರು ತಾಳೆ ನೋಡಿ, ಪ್ರಮಾಣಪತ್ರ ಬರೆದುಕೊಟ್ಟರು. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಅದಕ್ಕೆ ನಾವು ಎರಡು ತಿಂಗಳು ತೆಗೆದುಕೊಂಡಿದ್ದೆವು! ಮೂರು ಭಾನುವಾರ ವಿವಾಹದ ಪ್ರಕಟಣೆ ಓದಿದೆವು. ಆಗಮನಕಾಲಕ್ಕೆ ಮುಂಚೆಯೇ ಮದುವೆ ಸುಖವಾಗಿ ನಡೆಯಿತು.

ರಿಸೀವರಿನ ಕಥೆಯನ್ನೂ ಮುಗಿಸಬೇಕು. ಕೂಗಾಡುವುದನ್ನು ಬಿಟ್ಟು, ಬಿಲ್ಲು, ವಾರಂಟಿ ಕಾರ್ಡು, ಚೀಟಿ, ಆ ‘ಪರಿಹಾರವಾಗಿದೆ’ ಸಂದೇಶ ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆವು. ಕಂಪನಿಗೂ ಒಂದು ಪತ್ರ ಬರೆದೆವು. ಅದರಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ವೋಲ್ಟೇಜಿನಿಂದಲೇ ಸುಟ್ಟಿದೆ ಎಂದು ಯಾವ ಪರೀಕ್ಷೆಯಿಂದ ತಿಳಿಯಿತು, ಬರೆದು ಕೊಡಿ. ಬರೆದು ಕೊಡಲಿಲ್ಲ. ಎರಡು ವಾರದ ಮೇಲೆ ಹಣವಿಲ್ಲದೆ ಬೋರ್ಡು ಬದಲಾಯಿಸುತ್ತೇವೆ ಎಂದು ಫೋನು ಬಂತು. ಕ್ರಿಸ್‌ಮಸ್‌ಗೆ ಐದು ದಿನ ಇರುವಾಗ ಪೆಟ್ಟಿಗೆ ಮನೆಗೆ ಬಂತು.

ಅದನ್ನು ಜೋಡಿಸಿಕೊಟ್ಟವರು ಅದೇ ಜಾಬರ್. ಸಭಾಭವನಕ್ಕೆ ಬಂದು ಮೊದಲು ನೋಡಿದ್ದು ಪೆಟ್ಟಿಗೆಯ ಮೇಲೆ ಹಾಸಲು ಇಟ್ಟಿದ್ದ ಕಸೂತಿಯ ಬಟ್ಟೆಯನ್ನು. ಧೂಳು ಬೀಳಬಾರದೆಂದು ಯಾರೋ ಪ್ರೀತಿಯಿಂದ ಹೊಲಿದುಕೊಟ್ಟದ್ದು. “ಇದರ ಉಸಿರು ಕಟ್ಟತೈತ್ರಿ” ಎಂದು ತೆಗೆದಿಟ್ಟರು. ಮೇಲಿನ ಜಾಲರಿಯಿಂದಲೇ ಅದರ ಬಿಸಿ ಹೊರಗೆ ಹೋಗಬೇಕು. ಹಿಂದೆ ಸ್ಪೀಕರಿನ ತಂತಿಯ ಒಂದು ಎಳೆ ಪಕ್ಕದ ತಂತಿಗೆ ತಾಗುವಂತಿತ್ತು. ಅದರಿಂದಲೂ ಪೆಟ್ಟಿಗೆ ‘ಪ್ರೊಟೆಕ್ಟ್’ ಎಂದು ನಿಲ್ಲಬಹುದಂತೆ. ಅಂದರೆ ತಪ್ಪೆಲ್ಲ ಅವರದೇ ಎಂದು ನಾವು ಎದೆತಟ್ಟಿ ಹೇಳುವ ಹಾಗೂ ಇರಲಿಲ್ಲ.

ಓದುಗರಿಗೆ ಉಪಯೋಗವಾಗಲೆಂದು ಕೆಲವು ಮಾತು. ಮಿಕ್ಸಿಯಾಗಲಿ, ಟಿವಿಯಾಗಲಿ, ಬಿಲ್ಲು ಮತ್ತು ವಾರಂಟಿ ಕಾರ್ಡು ಜೋಪಾನವಾಗಿರಲಿ. ಯಂತ್ರದ ಸೀರಿಯಲ್ ನಂಬರನ್ನು ಬರೆದಿಡಿ. ಕೊಳ್ಳುವ ಮುನ್ನ ನಮ್ಮ ಊರಿಗೆ ಸೇವೆ ಇದೆಯೇ ಎಂದು ಕೇಳಿ. ವಸ್ತು ಕೊಟ್ಟಾಗ ಚೀಟಿ ಪಡೆಯದೆ ಬರಬೇಡಿ. ಗ್ರಾಹಕ ಸಹಾಯವಾಣಿಯ ನಂಬರು 1915. ನಮ್ಮ ದೇಶದಲ್ಲಿ 1986ರಿಂದ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಅದರ ಬದಲಿಗೆ ಬಂದ 2019ರ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರಂತೆ ನೀವು ವಾಸವಾಗಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ಆದರೆ ಎರಡು ವರ್ಷದೊಳಗೆ ಕೊಡಬೇಕು. ರಿಪೇರಿ ಮಾಡಿಸಿಕೊಳ್ಳುವುದೂ ಗ್ರಾಹಕರ ಹಕ್ಕು ಎಂದು ಸರ್ಕಾರ 2022ರ ಡಿಸೆಂಬರ್ 24ರಂದು ಅದಕ್ಕೊಂದು ಪೋರ್ಟಲ್ ತೆರೆಯಿತು. ಬಳಸಿ ಬಿಸಾಡುವ ಚಾಳಿಯ ಬಗ್ಗೆ ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಎಚ್ಚರಿಸಿದ್ದರು. ಸರಿಪಡಿಸಬಹುದಾದದ್ದನ್ನು ಸರಿಪಡಿಸಿಕೊಂಡು ಬಳಸುವುದು ಜಿಪುಣತನವಲ್ಲ.

ಇಷ್ಟೆಲ್ಲ ನಿಮಗೆ ಹೇಳಿದ ಮೇಲೆ ನಮ್ಮದೂ ಒಂದು ಮಾತು. ಆ ಡಿಸೆಂಬರಿನಿಂದ ನಮ್ಮ ಕಚೇರಿಯ ಮೇಜಿನ ಮೇಲೆ ಒಂದು ನೋಟುಪುಸ್ತಕ ಇದೆ. ಯಾರು ಬಂದರು, ಏನು ಕೇಳಿದರು, ಯಾವ ದಿನ ಬಂದರು, ಯಾವ ದಿನ ಕೊಟ್ಟೆವು ಎಂದು ನಾಲ್ಕು ಕಾಲಮ್ಮು. ಕೊನೆಯ ಕಾಲಮ್ಮು ಖಾಲಿ ಇದ್ದರೆ ರಾತ್ರಿ ಜಪಸರ ಹಿಡಿಯುವ ಮುನ್ನ ಅದು ಕಣ್ಣಿಗೆ ಬೀಳುತ್ತದೆ. ಎಲ್ಲವೂ ಅದೇ ದಿನ ಆಗುತ್ತದೆ ಎಂದು ಹೇಳಲಾರೆವು. ಆಗದಿದ್ದಾಗ ಇಂಥ ಕಾರಣಕ್ಕೆ ಆಗಲಿಲ್ಲ, ಇಂಥ ದಿನ ಕೊಡುತ್ತೇವೆ ಎಂದು ನಾವೇ ಫೋನು ಮಾಡಿ ತಿಳಿಸುತ್ತೇವೆ.

ನಿಮ್ಮ ಮನೆಯಲ್ಲೂ ಅಂಥ ಖಾಲಿ ಕಾಲಮ್ಮು ಇರಬಹುದು. ಊರಿನಲ್ಲಿರುವ ತಾಯಿಗೆ ಮಾಡಬೇಕಾದ ಫೋನು, ತಮ್ಮನಿಗೆ ಹಿಂದಿರುಗಿಸಬೇಕಾದ ಹಣ, ಮಗನಿಗೆ “ನಾಳೆ ನೋಡೋಣ” ಎಂದ ಮಾತು. ಕ್ರಿಸ್‌ಮಸ್‌ಗೆ ಸಭಾಭವನಕ್ಕೆ ಬನ್ನಿ. ಪೆಟ್ಟಿಗೆ ಚೆನ್ನಾಗಿ ಓಡುತ್ತಿದೆ, ಬಟ್ಟೆ ಹೊದಿಸಿಲ್ಲ.