ಮಗನ ಎಸ್‌ಪ್ರೆಸೊ ಮಷಿನ್ನು, ನಮ್ಮ ತೋಟದ ಕಾಫಿ

ಈ ಸಲದ ಬರಹ ಅಡಿಗೆಮನೆಯಿಂದ ಶುರುವಾಗುತ್ತೆ, ಆದ್ರೆ ಕಣಕ್ಕೇ ಬಂದು ನಿಲ್ಲುತ್ತೆ. ಅಡಿಕೆ ನಡುವೆ ಕಾಫಿ ಹಾಕಿರೋರು ದಯವಿಟ್ಟು ಕೊನೇವರೆಗೂ ಓದಿ.

ಮಗ ಬೆಂಗಳೂರಿನ ಕೆಲಸ ಬಿಟ್ಟು ತುಮಕೂರಿಗೆ ಸೇರ್ಕೊಂಡ. ಈಗ ಗುಬ್ಬಿ ಹತ್ರ ನಮ್ಮೂರಿಂದಲೇ ದಿನಾ ಓಡಾಡ್ತಾನೆ. ಅವನು ತಂದ ಸಾಮಾನಿನಲ್ಲಿ ಒಂದು ಹೊಸ ಪೆಟ್ಟಿಗೆ ಇತ್ತು, ಎಸ್‌ಪ್ರೆಸೊ ಮಷಿನ್ನಂತೆ. ಮಷಿನ್ 26 ಸಾವಿರ, ಬೀಜ ಪುಡಿ ಮಾಡೋ ಗ್ರೈಂಡರ್ ಬೇರೆ 9 ಸಾವಿರ. ಬೆಲೆ ಕೇಳಿ ನಮ್ಮನೆಯವಳು, "ಇದೇನು ಹಾಲೂ ಕರೀತದಾ?" ಅಂದ್ಲು. ಕುಣಿಗಲ್ ಬೀಗರು ಫೋನ್ ಮಾಡಿ, "ಏನ್ ಬೀಗ್ರೆ, ನಮ್ಮೂರಿಗೆ ಬರ್ಬೇಕಾಗಿದ್ದ ಎಕ್ಸ್‌ಪ್ರೆಸ್ಸು ನಿಮ್ಮನೆಗೆ ಬಂತಂತೆ?" ಅಂತ ಕಾಲೆಳೆದ್ರು. ಹೇಮಾವತಿ ಕೆನಾಲ್ ವಿಷ್ಯ ಎರಡೂ ಮನೆಯವರು ಊಟಕ್ಕೆ ಕೂತಾಗ ಎತ್ತಬಾರದು ಅಂತ ಹೆಂಗಸರ ಕಟ್ಟಪ್ಪಣೆ ಇದೆ. ಫೋನಿಗೆ ಆ ಕಟ್ಟಪ್ಪಣೆ ಇಲ್ಲ.

ಮಷಿನ್ ಕೆಲಸ ನಮ್ಮ ಭಾಷೆಯಲ್ಲಿ ಹೇಳ್ತೀನಿ. ನಮ್ಮ ಫಿಲ್ಟರ್‌ನಲ್ಲಿ ಬಿಸಿನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತೆ. ಇದರಲ್ಲಿ ಪಂಪು ಕೂತಿದೆ. ಪುಡಿ ಮೇಲೆ ಬೀಳೋ ಒತ್ತಡ ಸುಮಾರು 9 ಬಾರ್. ನಮ್ಮ ಡ್ರಿಪ್ ಲ್ಯಾಟರಲ್ಲು ಒಂದು, ಒಂದೂವರೆಗೆ ಓಡುತ್ತೆ. 9 ಬಾರ್ ಅಂದ್ರೆ 300 ಅಡಿ ಕೆಳಗಿಂದ ಮೋಟಾರ್ ನೀರು ಎತ್ತೋ ಲೆಕ್ಕ. 18 ಗ್ರಾಂ ಪುಡಿ ಹಾಕಿ, 25ರಿಂದ 30 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ ಇಳಿಸ್ಬೇಕು. ಬಂಗಾರದ ಅಂಗಡೀಲಿ ಇರ್ತದಲ್ಲ, ಅಂಥ ಪುಟ್ಟ ತಕ್ಕಡೀನೂ ತಂದವ್ನೆ. ಪುಡಿ ದಪ್ಪ ಆದ್ರೆ ನೀರು ಹತ್ತೇ ಸೆಕೆಂಡಿಗೆ ನುಗ್ಗಿ ಬರುತ್ತೆ, ತೀರಾ ನುಣ್ಣಗಾದ್ರೆ ಪಂಪು ಗೊರಗುಟ್ಟುತ್ತೆ, ಕಾಫಿ ಬರಲ್ಲ. ಮೊದಲ ದಿನ ಎಂಟು ಸಲ ಚೆಲ್ಲಿದ. ಬೋರ್‌ವೆಲ್ ನೀರು ಮಾತ್ರ ಹಾಕಬೇಡ ಅಂತ ನಾನೇ ಹೇಳ್ದೆ. ಡ್ರಿಪ್ ಪೈಪಿನಲ್ಲಿ ಬಿಳಿ ಸುಣ್ಣ ಕಟ್ಟೋದನ್ನ ನೋಡಿದೋರಿಗೆ ಅದನ್ನ ಯಾರೂ ಕಲಿಸ್ಬೇಕಾಗಿಲ್ಲ. ಈಗ ಶುದ್ಧ ನೀರಿನ ಘಟಕದ ಕ್ಯಾನ್ ನೀರೇ. ಸಂಜೆ ವೋಲ್ಟೇಜ್ ಬಿದ್ರೆ ಕಾಯೋದೇ ಇಲ್ಲ, ಅದೊಂದು ತಾಪತ್ರಯ.

ಅಂಗಡಿ ಬೀಜದ ಕಾಫಿ ಚೆನ್ನಾಗೇ ಬಂತು. ಬೆಲ್ಲದ ಬಣ್ಣದ ನೊರೆ, ಕೆಳಗೆ ಎರಡು ಗುಟುಕು. ರೊಬಸ್ಟಾ ಇದ್ರೆ ಆ ನೊರೆ ದಪ್ಪ ಬರುತ್ತಂತೆ. ನಮ್ಮ ದೇಶದ ಕಾಫೀನ ಅತಿ ಹೆಚ್ಚು ಕೊಳ್ಳೋದು ಇಟಲಿ, ಈ ಮಷಿನ್ ಹುಟ್ಟಿದ ದೇಶ. ಅಂದ್ಮೇಲೆ ನಮ್ಮ ತೋಟದ್ದೇ ಹಾಕಿ ನೋಡೋಣ ಅಂತ ನನಗೂ ಉಮೇದು ಬಂತು. ಗೊತ್ತಿರೋರಿಗೆ ಗೊತ್ತು, ನಾನು ಅಡಿಕೆ ಸಾಲಿನ ನಡುವೆ 300 ರೊಬಸ್ಟಾ ಗಿಡ ಹಾಕಿ ಇದು ಆರನೇ ವರ್ಷ.

ಮನೇಲಿ ಎರಡು ಥರ ಇತ್ತು. ಒಂದು ನಾನು ಒಣಗಿಸಿದ್ದು. ಇನ್ನೊಂದು ಬೀಗಿತ್ತಿ ಕಳಿಸಿದ್ದು. ಸಂಕ್ರಾಂತಿಗೆ ಬಂದಾಗ ಒಂದು ಚೀಲ ಹಣ್ಣು ಕುಣಿಗಲ್‌ಗೆ ತಗೊಂಡು ಹೋಗಿ, ತಾರಸಿ ಮೇಲೆ ರಾಗಿ ಹರವಿದಂಗೆ ತೆಳ್ಳಗೆ ಹರವಿ ಒಣಗಿಸಿದ್ರು. ಅದೇ ಗಿಡ, ಅದೇ ದಿನದ ಕೊಯ್ಲು. ಎರಡನ್ನೂ ಸಿಪ್ಪೆ ತೆಗೆಸಿ, ತುಮಕೂರಿನ ಒಂದು ಕಾಫಿಪುಡಿ ಅಂಗಡೀಲಿ ಒಂದೇ ಹದಕ್ಕೆ ಹುರಿಸಿದ್ವಿ. ನಾಲ್ಕು ದಿನ ಬಿಟ್ಟು ಮಷಿನ್ನಿಗೆ ಹಾಕಿದ.

ಬೀಗಿತ್ತಿಯದು ಕಹಿ ಇತ್ತು, ರೊಬಸ್ಟಾ ಅಲ್ವಾ. ಆದ್ರೆ ಶುದ್ಧವಾದ ಕಹಿ. ನನ್ನದು ಬಾಯಿಗಿಟ್ಟ ತಕ್ಷಣ ಹುಳಿತ ಹಿಟ್ಟಿನ ಹುಳಿ, ಹಿಂದೇನೇ ಹಳೇ ಗೋಣಿಚೀಲದ ವಾಸನೆ. ಮಗ ಮುಖ ಕಿವುಚಿ, "ಅಪ್ಪಾಜಿ, ಇದನ್ನ ನೀವು ದಿನಾ ಕುಡೀತಿದ್ರಾ?" ಅಂದ. ಕುಡೀತಿದ್ದೆ. ಚಿಕೋರಿ ಬೆರೆಸಿ, ಹಾಲು ಸಕ್ಕರೆ ಹಾಕಿ, ನಮ್ಮ ತೋಟದ್ದು ಅಂತ ಬಂದೋರಿಗೆಲ್ಲ ಹೊಗಳಿಕೊಂಡು ಕೊಡ್ತಲೂ ಇದ್ದೆ.

ಕಾರಣ ಹುಡುಕಬೇಕಾಗಿರಲಿಲ್ಲ. ಜನವರೀಲಿ ಕೊಯ್ದಾಗ ಕಣದ ತುಂಬ ಬೇಯಿಸಿದ ಅಡಿಕೆ ಹರಡಿತ್ತು. ಅಡಿಕೆ ಎತ್ತೋವರೆಗೂ ಅಂತ ಕಾಫಿ ಹಣ್ಣನ್ನ ಶೆಡ್ಡಿನ ಮೂಲೇಲಿ ಗುಡ್ಡೆ ಹಾಕಿ ಟಾರ್ಪಾಲ್ ಮುಚ್ಚಿದ್ದೆ. ನಾಲ್ಕು ದಿನ. ಕೈ ಹಾಕಿದ್ರೆ ಒಳಗೆ ತಿಪ್ಪೆ ಥರ ಬಿಸಿ ಇತ್ತು. ಅಡಿಕೆ ನಮಗೆ ದೊಡ್ಡ ಮಗ, ಕಾಫಿ ಮಲಮಗ. ಆಗಲೇ ತಿಳ್ಕೋಬೇಕಿತ್ತು.

ಈಗ ಬರೆಯೋದು ಕಷ್ಟದ ಮಾತು. ಕಾಫಿ ಕೊಳ್ಳೋಕೆ ಬಂದಿದ್ದ ವ್ಯಾಪಾರಿ ನನ್ನ ಒಣ ಚೆರಿ ನೋಡಿ, ವಾಸನೆ ಇದೆ ಅಂತ 50 ಕೆ.ಜಿ. ಮೂಟೆಗೆ 900 ರೂಪಾಯಿ ಕಡಿಮೆ ಹಾಕಿದ್ದ. ಬಯಲುಸೀಮೆ ರೈತ, ಇವನಿಗೇನು ಕಾಫಿ ಗೊತ್ತು ಅಂತ ಮೋಸ ಮಾಡ್ದ ಅಂದ್ಕೊಂಡು ಇದೇ ಪೇಜಲ್ಲಿ ಉದ್ದಕ್ಕೆ ಬೈದು ಬರೆದಿದ್ದೆ. ನೀವೆಲ್ಲ ಓದಿದ್ದೀರಿ. ಅದನ್ನ ಓದಿ ಪಕ್ಕದೂರಿನ ಇಬ್ಬರು ಅವನಿಗೆ ಮಾಲು ಕೊಡೋದೇ ನಿಲ್ಲಿಸಿದ್ರು. ಆ ಬರಹ ತಪ್ಪು. ಅಳಿಸಿಲ್ಲ, ಅದರ ಕೆಳಗೆ ಇದನ್ನೇ ಹಾಕಿದ್ದೀನಿ.

ಈ ವರ್ಷ 200 ಸಸಿ ಹೆಚ್ಚಿಗೆ ಹಾಕ್ಬೇಕು ಅಂತಿದ್ದೆ, ಮುಂಗಡನೂ ಕೊಟ್ಟಿದ್ದೆ. ಈಗ ಬೇಡ ಅಂದೆ. ಒಂದು ಕೆ.ಜಿ. ಬೀಜಕ್ಕೆ ನಾಲ್ಕೂವರೆ, ಐದು ಕೆ.ಜಿ. ಹಣ್ಣು ಬೇಕು. ಅಷ್ಟು ಹಣ್ಣನ್ನ ಮೂರು ಇಂಚಿಗಿಂತ ದಪ್ಪ ಆಗದಂಗೆ ಹರವಿ, ದಿನಕ್ಕೆ ಹತ್ತಾರು ಸಲ ಕೈಯಾಡಿಸಿ, ಕುಲುಕಿದ್ರೆ ಗಲಗಲ ಅನ್ನೋವರೆಗೂ ಹನ್ನೆರಡು, ಹದಿನೈದು ದಿನ ಒಣಗಿಸೋಕೆ ಜಾಗ ಎಲ್ಲಿದೆ? ಮೊದಲು ಶೆಡ್ ಪಕ್ಕ ಬೇರೆ ಕಣ ಆಗ್ಲಿ.

ಮೊನ್ನೆ ವ್ಯಾಪಾರಿಗೆ ಫೋನ್ ಮಾಡಿ ವಿಷಯ ಹೇಳ್ದೆ. ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ, "ಯಜಮಾನ್ರೆ, ಅವತ್ತೇ ಒಂದು ಹಿಡಿ ತಗೊಂಡು ಮೂಸಿ ನೋಡಿ ಅಂದಿದ್ದೆ. ನೀವು ರೇಟ್ ಹೇಳಪ್ಪ ಮೊದ್ಲು ಅಂದ್ರಿ," ಅಂದ. ಹೌದು, ಅಂದಿದ್ದೆ.

ಮಾಲು ಕೊಡೋದು ನಿಲ್ಲಿಸಿದ ಆ ಇಬ್ಬರು ಇದನ್ನ ಓದ್ತಿದ್ರೆ, ನಿಮ್ಮ ಚೆರಿ ಒಂದೊಂದು ಸೇರು ತಗೊಂಡು ಮನೆ ಕಡೆ ಬನ್ನಿ. ಹುರಿಸಿ, ನನ್ನದರ ಪಕ್ಕ ಇಟ್ಟು ಕುಡಿದು ನೋಡೋಣ. ಬೆಳಿಗ್ಗೆ ಹೊತ್ತು ಬನ್ನಿ, ವೋಲ್ಟೇಜ್ ಇರುತ್ತೆ.